ನೀರಿನ ವೇಳೆ ಹೇಳುವ ಕಂಪನಿ

ಶಹಾಬಾದಿನ ನಮ್ಮ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ ಇದೆ. ಅದರ ಸಂಸ್ಥಾಪಕ, ಮುಖ್ಯ ಪ್ರೋಗ್ರಾಮರ್, ಕಸ ಗುಡಿಸುವವ ಮೂವರೂ ನಾನೇ. ಬೋರ್ಡನ್ನು ಊರಿನ ಕಲ್ಲಿನಲ್ಲೇ ಕೆತ್ತಿಸಿದ್ದೇನೆ, ಕಂಪನಿ ಹೋದರೂ ಹೆಸರು ಉಳಿಯಲಿ ಎಂದು.

ಹದಿನೈದು ವರ್ಷ ಶಾಲೆಗಳ ಅಂಕಪಟ್ಟಿಗೆ ಪ್ರೋಗ್ರಾಮ್ ಬರೆದ ಮೇಲೆ, ನಲವತ್ತೆಂಟನೇ ವಯಸ್ಸಿಗೆ ನನಗೆ ದೊಡ್ಡದೊಂದು ಹೊಳೆಯಿತು. ನಮ್ಮ ಓಣಿಗೆ ನಳದ ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಹೆಂಡತಿ ದಾನೇಶ್ವರಿ ವರ್ಷವಿಡೀ ಕ್ಯಾಲೆಂಡರಿನಲ್ಲಿ ಬರೆದಿಟ್ಟ ವೇಳೆಗಳನ್ನು ಕಂಪ್ಯೂಟರಿಗೆ ಉಣಿಸಿ, ಮುಂದಿನ ನೀರಿನ ವೇಳೆಯನ್ನು ಮೊದಲೇ ಹೇಳುವ ಆ್ಯಪ್ ಮಾಡಿದೆ.

“ಮದ್ಲ ಮನ್ಯಾಗಿನ ನಳಾ ಸೋರಾಕತ್ತದ, ಅದಕ್ಕೊಂದು ಮಾಡ್ರಿ,” ಎಂದಳು ದಾನೇಶ್ವರಿ.

ಮೊದಲೆರಡು ತಿಂಗಳು ಆ್ಯಪ್ ಬರೀ ಸುಳ್ಳು ಹೇಳಿತು. ಮೂರನೆಯ ತಿಂಗಳಿಂದ ಒಂದು ನಿಮಿಷವೂ ತಪ್ಪಲಿಲ್ಲ. ಆರು ಎಂದರೆ ಆರಕ್ಕೇ ನೀರು! ಯಂತ್ರ ತಾನೇ ಕಲಿತಿದೆ ಎಂದು ಕಂಡಕಂಡವರಿಗೆ ಭಾಷಣ ಬಿಗಿದೆ. ಕೈಕಟ್ಟಿ ನಿಂತು ಫೋಟೊ ತೆಗೆಸಿಕೊಂಡೆ.

ಸುದ್ದಿ ಚಿತ್ತಾಪುರಕ್ಕೆ ಮುಟ್ಟಿತು. ಅಲ್ಲಿನ ಬಡಾವಣೆಯೊಂದರ ಸಂಘದವರು, ಹದಿನೈದು ದಿನ ಬಳಸಿ ನೋಡಿ, ಸರಿಯೆನಿಸಿದರೆ ಕೊಳ್ಳುತ್ತೇವೆ ಎಂದರು. ಊರ ಹೊರಗಿನ ನನ್ನ ಮೊದಲ ಗಿರಾಕಿ. ಕೈಬಿಟ್ಟರೆ ಮತ್ತೆ ಅಂಕಪಟ್ಟಿಯೇ ಗತಿ. ಅಲ್ಲಿಯ ಹಳೆಯ ವೇಳೆಗಳನ್ನೂ ತಂದು ಉಣಿಸಿದೆ. ಹತ್ತನೆಯ ದಿನ ಸಂಘದ ಅಧ್ಯಕ್ಷ ಜಗದೇವಪ್ಪನವರ ಫೋನು ಬಂತು.

“ಸಾಹೇಬ್ರ, ಆರರಿಂದ ಕೊಡ ಹಿಡಕೊಂಡು ಕುಂತೀವ್ರಿ, ಹನ್ನೊಂದಾಯ್ತು. ಯಂತ್ರ ಇನ್ನಾ ಕಲೀಲಿಕತ್ತದೇನ್ರಿ?”

ದಿಕ್ಕು ತೋಚದೆ, ನಮ್ಮ ಓಣಿಗೆ ನೀರು ಬಿಡುವ ಹಣಮಪ್ಪನನ್ನು ಹುಡುಕಿಕೊಂಡು ಹೋದೆ.

“ಹಣಮಪ್ಪಾ, ನೀರ ಬಿಡಾಕ ನಿಂದು ಲೆಕ್ಕ ಏನದ?”

“ನಂದೇನ್ ಲೆಕ್ಕರಿ? ಮನ್ಯಾಕಿ ಫೋನಿನಾಗ ನಿಮ್ಮ ಆ್ಯಪ್ ಹಾಕ್ಯಾಳ. ಅದು ಆರು ಅಂದ್ರ ಆರಕ್ಕ ವಾಲ್ ತಿರುವ್ತೀನ್ರಿ. ಮ್ಯಾಲಿಂದ ಬಂದ ಆರ್ಡರ್ ಅಲ್ಲೇನ್ರಿ ಅದು?”

ಕೂಡಲೇ ಹಣಮಪ್ಪನನ್ನು ಬೈಕಿನಲ್ಲಿ ಕೂಡಿಸಿಕೊಂಡು ಚಿತ್ತಾಪುರಕ್ಕೆ ಹೋದೆ. ಅಲ್ಲಿ ನೀರು ಬಿಡುವವನೊಡನೆ ಅವನು ಒಂದು ಬೀಡಿ ಮುಗಿಯುವಷ್ಟು ಹೊತ್ತು ಮಾತಾಡಿದ. ಮರುದಿನದಿಂದ ಯಂತ್ರ ಕಲಿತುಬಿಟ್ಟಿತು.

ಹದಿನೈದನೆಯ ದಿನ ಇಬ್ಬರೂ ಮತ್ತೆ ಹೋದೆವು. ಸಂಘ ಆ್ಯಪ್ ಕೊಂಡಿತು.

“ಏನ್ ಮಾಡಿದ್ರಿ ಸಾಹೇಬ್ರ?” ಎಂದರು ಜಗದೇವಪ್ಪ.

“ಹೊಸ ಆವೃತ್ತಿ,” ಎಂದೆ. ಹೊಸ ಆವೃತ್ತಿ ಪಕ್ಕದಲ್ಲೇ ಕುಳಿತು ಬಸಿಗೆ ಚಹಾ ಸುರಿದುಕೊಂಡು ಕುಡಿಯುತ್ತಿತ್ತು.

ವಾಪಸು ಬರುವಾಗ ನನಗೂ ನಾಚಿಕೆಯಾಯಿತು. “ಹಣಮಪ್ಪಾ, ಬೋರ್ಡಿನ ಮ್ಯಾಲ ನಿನ್ನ ಹೆಸರೂ ಕೆತ್ತಸ್ತೀನಿ.”

“ಹೆಸರ ಬ್ಯಾಡ್ರಿ ಸರ. ಥಂಡಿ ಭಾಳ ಅದ. ಆರರದು ಏಳಕ್ಕ ಮಾಡ್ರಿ.”

ಯಂತ್ರ ಅಂದೇ ಏಳನ್ನೂ ಕಲಿಯಿತು.