ಕ್ಯಾಥೋಡಿಗೆ ಹಚ್ಚಿದ ವಿಭೂತಿ

ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಅವರನ್ನು ಪ್ರಶ್ನೆ ಕೇಳಿ ಸುಸ್ತು ಮಾಡಿ ಕಳಿಸುತ್ತಿದ್ದ ಆಸಾಮಿ ನಾನು. ಮನೆಯಲ್ಲಿ ಅಪ್ಪ ರಾಯರ ಸ್ತೋತ್ರ ಹೇಳುವಾಗ ಪೇಪರ್ ಓದುತ್ತ ಕೂರುತ್ತಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ.

ಆಗ ಹೊಸಪೇಟೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ವರ್ಷಗಳು. ನಮ್ಮ ಹುಡುಗರು ಓದು ಅರ್ಧಕ್ಕೇ ಬಿಟ್ಟು ಸಂಡೂರಿನ ಗಣಿಗಳಿಗೆ ಸೇರಿಕೊಳ್ಳುತ್ತಿದ್ದರು. ಕೆಂಪು ಧೂಳು ಹೇಗೋ ನುಸುಳಿ ಲ್ಯಾಬಿನ ಡಿಸ್ಚಾರ್ಜ್ ಟ್ಯೂಬಿನೊಳಗೂ ಕೂತಿತ್ತು. ಅದೊಂದು ಮೊಳದುದ್ದದ ಗಾಜಿನ ಕೊಳವೆ. ಪಂಪಿನಿಂದ ಗಾಳಿ ಎಳೆದು, ಎರಡೂ ತುದಿಗೆ ಭಾರೀ ವೋಲ್ಟೇಜ್ ಕೊಟ್ಟರೆ, ಒಳಗುಳಿದ ಚೂರು ಗಾಳಿಯ ಅಯಾನುಗಳು ಕ್ಯಾಥೋಡ್ ಎಂಬ ಅಲ್ಯೂಮಿನಿಯಂ ಬಿಲ್ಲೆಗೆ ಬಡಿದು ಎಲೆಕ್ಟ್ರಾನುಗಳನ್ನು ಹೊರಡಿಸುತ್ತವೆ. ಕೊಳವೆ ಬೆಳಗುತ್ತದೆ. ಕರೆಂಟಿಲ್ಲದಿದ್ದರೆ ಬೆಳಕೂ ಇಲ್ಲ.

ಧೂಳು ಹಿಡಿದ ಬಿಲ್ಲೆಯನ್ನು ಬಿಚ್ಚಿ ತೊಳೆದು, ಗಾಳಿ ಸೋರದಂತೆ ಮೇಣ ಹಾಕಿ ಮತ್ತೆ ಕೂಡಿಸಿದವನು ಅಟೆಂಡರ್ ಈರಣ್ಣ, ಕಂಪ್ಲಿಯವನು. ತೊಳೆದ ಯಾವ ಸಾಮಾನಿಗೂ ವಿಭೂತಿ ಹಚ್ಚದೆ ಬಿಡುವವನಲ್ಲ. ನಮ್ಮ ತಕ್ಕಡಿಗೂ ಬ್ಯಾಟರಿಗೂ ಮೂರೆಳೆ ಇರುತ್ತಿತ್ತು.

ಎರಡು ದಿನ ಬಿಟ್ಟು ಒಂದು ಸಂಜೆ, ಮರೆತ ಕನ್ನಡಕಕ್ಕಾಗಿ ಲ್ಯಾಬಿಗೆ ಮರಳಿದೆ. ಕಪ್ಪು ಪರದೆಯ ಕೋಣೆಯಲ್ಲಿ ಈರಣ್ಣ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ. ಅವನೆದುರು ಬಿಲ್ಲೆ ಬೆಳಗುತ್ತಿತ್ತು. ಹಾಲಿನ ಕೆನೆಯಷ್ಟು ತೆಳ್ಳಗಿನ ನೇರಳೆ ಬೆಳಕು, ಉಸಿರಾಡಿದಂತೆ ಮೆಲ್ಲಗೆ ಹೆಚ್ಚುತ್ತ, ಕಡಿಮೆಯಾಗುತ್ತ. ವೈರುಗಳನ್ನು ಬಿಚ್ಚಿ ಮೇಜಿನ ಮೇಲೆ ಸುತ್ತಿಟ್ಟಿತ್ತು. ಕೈಯಾಡಿಸಿ ನೋಡಿದೆ. ಯಾವುದಕ್ಕೂ ಸಂಪರ್ಕವಿರಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ, ಹೆದರಿಕೆಯಂತೂ ಆಗಲಿಲ್ಲ.

“ಯಾವಾಗಿನಿಂದ ಹೀಗೆ?” ಎಂದೆ.

“ಕೂಡಿಸಿದ ದಿನದಿಂದ್ರಿ ಸರ್. ಬಿಲ್ಲೆಗೂ ವಿಭೂತಿ ಹಚ್ಚೀನಿ. ನಮ್ಮ ಗೌರಮ್ಮ ಹಚ್ಚಿಕೊಳ್ತಿದ್ದ ಗಟ್ಟಿ. ಉಳಿದಿದ್ದು ಅಷ್ಟೇ ಇತ್ತು.”

ಗೌರಮ್ಮ ಅವನ ಹೆಂಡತಿ. ಆ ಬೇಸಿಗೆಯಲ್ಲೇ ತೀರಿಕೊಂಡಿದ್ದಳು.

ಬೂದಿ ಇದ್ದರೆ ಎಲೆಕ್ಟ್ರಾನುಗಳು ಸಲೀಸಾಗಿ ಹೊರಬೀಳಬಹುದು, ಅಷ್ಟು ನನಗೂ ಗೊತ್ತು. ಆದರೆ ವೋಲ್ಟೇಜೇ ಇಲ್ಲದೆ? ಒರೆಸಿ ನೋಡದೆ ನನಗೆ ನಿದ್ದೆ ಬರುವಂತಿರಲಿಲ್ಲ.

“ಒರೆಸಬ್ಯಾಡ್ರಿ ಸರ್,” ಎಂದ ಈರಣ್ಣ. “ಇಲ್ಲಿ ಕುಂತ್ರ ಆಕಿ ಜೋಡಿ ಕುಂತಂಗ ಆಗತೈತಿ.”

“ಆಮೇಲೆ ಬೇರೆ ವಿಭೂತಿ ಹಚ್ಚೋಣ ಬಿಡು,” ಎಂದೆ. ಎಂಥ ಮಾತಾಡಿದೆ ನೋಡಿ.

ಮರುದಿನ ನಾನೇ ಮೇಣ ಬಿಡಿಸಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಬಿಲ್ಲೆಯನ್ನು ಒರೆಸಿದೆ. ಸಂಜೆ ಬೆಳಕಿಲ್ಲ. ಅಂಗಡಿಯ ವಿಭೂತಿ ತರಿಸಿ ಹಚ್ಚಿದರೂ ಇಲ್ಲ. ಕರೆಂಟ್ ಕೊಟ್ಟಾಗ ಮಾತ್ರ ಎಲ್ಲ ಟ್ಯೂಬುಗಳಂತೆ ಅದೂ ಬೆಳಗಿತು. ಆ ಎಲೆಕ್ಟ್ರಾನುಗಳನ್ನು ಹೊರಡಿಸಿದ್ದು ಏನು ಎಂಬುದು ಇಂದಿಗೂ ನನಗೆ ತಿಳಿದಿಲ್ಲ.

ಆ ವಾರದ ಕೊನೆಗೆ ಬಾಗಿಲು ಹಾಕುವ ಹೊತ್ತಿಗೆ ನೋಡಿದರೆ ಈರಣ್ಣ ಅದೇ ಸ್ಟೂಲಿನ ಮೇಲೆ, ಕತ್ತಲಲ್ಲಿ ಕೂತಿದ್ದ. ನನಗೆ ನಾಚಿಕೆಯಾಯಿತು. ಮನೆಗೆ ಹೋಗುವುದಿಲ್ಲವೇ ಎಂದು ಕೇಳಿದೆ.

“ಆಕೀಗೆ ಕತ್ತಲಿ ಅಂದ್ರ ಭಾಳ ಅಂಜಿಕಿ ಇತ್ರಿ ಸರ್,” ಎಂದ. “ಇನ್ನೊಂದು ಸ್ವಲ್ಪ ಹೊತ್ತು ಕುಂದರತೀನಿ.”