ಅಜ್ಜಿಯ ಕ್ಯಾಸೆಟ್ಟಿಗೆ ಬಂದ ದರ

ಸಂಡೂರಿನ ಗಣಿಗಳಲ್ಲಿ ಕೆಲಸಕ್ಕೆ ಬಾರದ್ದೆಂದು ಗುಡ್ಡದ ಬುಡಕ್ಕೆ ಸುರಿದಿದ್ದ ಪುಡಿ ಅದಿರಿಗೂ ದರ ಬಂದ ವರ್ಷಗಳವು. ಆಮೇಲೆ ನಮ್ಮ ಹೊಸಪೇಟೆಯಲ್ಲಿ ಯಾರೂ ಏನನ್ನೂ ಎಸೆಯಲಿಲ್ಲ. ಒಡೆದ ರೇಡಿಯೊ, ತುಕ್ಕು ಹಿಡಿದ ಕೊಳಗ, ಸತ್ತವರ ಚಾಳೀಸು ಕನ್ನಡಕ, ಎಲ್ಲಕ್ಕೂ ಒಂದು ದಿನ ಬೆಲೆ ಬಂದೇ ಬರುತ್ತದೆಂದು ಅಟ್ಟಕ್ಕೆ ಏರಿಸಿದರು. ಆ ರೋಗ ನನಗೂ ತಗುಲಿತ್ತು. ನೆನೆಸಿಕೊಂಡರೆ ಇಂದಿಗೂ ಹೇಸಿಗೆಯಾಗುತ್ತದೆ.

ಹಂಪಿಯಲ್ಲಿ ನನ್ನದೊಂದು ಇಂಟರ್‌ನೆಟ್ ಅಂಗಡಿ ಇತ್ತು. ಮೂರು ಕಂಪ್ಯೂಟರು, ಒಂದು ಫ್ಯಾನು. ಗಿರಾಕಿಗಳೆಲ್ಲ ಗೆಸ್ಟ್ ಹೌಸುಗಳ ವಿದೇಶಿಯರು. ಒಬ್ಬ ಎದ್ದು ಹೋದ ಮೇಲೆ ಪರದೆಯ ಮೇಲೆ ಹರಾಜಿನ ಪುಟವೊಂದು ತೆರೆದೇ ಉಳಿದಿತ್ತು. ಅದರಲ್ಲಿದ್ದ ಹಳೆಯ ವಿಡಿಯೊ ಗೇಮ್ ಕ್ಯಾಸೆಟ್ ನಮ್ಮ ಮನೆಯಲ್ಲೂ ಇತ್ತು. ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ನಾನು ಶಾಲೆಯಲ್ಲಿದ್ದಾಗ ತಂದುಕೊಟ್ಟದ್ದು. ಡಬ್ಬಿ ಸಮೇತ ಇದ್ದರೆ ಇಷ್ಟು ಎಂದು ಹಾಕಿದ್ದ ಡಾಲರನ್ನು ರೂಪಾಯಿಗೆ ತಿರುಗಿಸಿ ನೋಡಿದೆ. ಲೆಕ್ಕ ತಪ್ಪಿತೇನೋ ಎಂದು ಮತ್ತೊಮ್ಮೆ ತಿರುಗಿಸಿದೆ.

ತೊಡಕೆಂದರೆ ಆ ಕ್ಯಾಸೆಟ್ ಅಷ್ಟು ಹೊತ್ತಿಗೆ ನನ್ನದಾಗಿ ಉಳಿದಿರಲಿಲ್ಲ, ಅಪ್ಪನ ತಾಯಿಯದಾಗಿತ್ತು. ಪೂಜೆ, ಊಟ ಮುಗಿಸಿ ಮಧ್ಯಾಹ್ನ ಟಿವಿಯ ಮುಂದೆ ಕುಳಿತರೆ, ಮೇಲಿಂದ ಬೀಳುವ ಬಣ್ಣದ ತುಂಡುಗಳನ್ನು ಸಂದು ಬಿಡದಂತೆ ಜೋಡಿಸುವುದೇ ಅಜ್ಜಿಯ ಕೆಲಸ. ಉದ್ದನೆಯ ತುಂಡು ಬರಲೆಂದು ಗೊಣಗುತ್ತ ಕಾಯುವಳು. ಏಕಾದಶಿಯ ದಿನ ಹಸಿವು ಮರೆಯಲು ಇನ್ನೊಂದು ತಾಸು ಹೆಚ್ಚು. ಕ್ಯಾಸೆಟ್ಟಿನ ಡಬ್ಬಿಯಲ್ಲಿ ಹೂಬತ್ತಿ ಇಟ್ಟುಕೊಂಡಿದ್ದಳು. ಇಪ್ಪತ್ತೈದಕ್ಕೆ ಗಂಡನನ್ನು ಕಳೆದುಕೊಂಡ ಆಕೆ ತನಗೆಂದು ಇಟ್ಟುಕೊಂಡದ್ದನ್ನು ನಾನು ಕಂಡದ್ದು ಅದೊಂದೇ.

ಅದನ್ನು ಕಿತ್ತುಕೊಂಡೆ. ಆಡಿದಷ್ಟೂ ಸವೆಯುತ್ತದೆ, ಬೆಲೆ ಹೋಗುತ್ತದೆ ಎಂದೆ. ಹೂಬತ್ತಿ ಸುರಿದು, ಡಬ್ಬಿ ಒರೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಲ್ಮಾರಿಗೆ ಬೀಗ ಹಾಕಿದೆ. ಅಪ್ಪ ಬೆನ್ನು ತಟ್ಟಿದರು. ಅದಿರಿನ ರೇಟೇ ಇಳಿದಿಲ್ಲ, ಇದು ಯಾಕೆ ಇಳಿಯುತ್ತದೆ ಎಂಬುದು ಅವರ ವಾದ. ಅಜ್ಜಿಗೆ ಅಂಥದ್ದೇ ಅಗ್ಗದ ಕ್ಯಾಸೆಟ್ ಕೊಡಿಸೋಣವೆಂದರೆ ಊರಲ್ಲಿ ಎಲ್ಲೂ ಸಿಗುತ್ತಿಲ್ಲ ಎಂದು ಹೇಳಿಕೊಂಡು ತಿರುಗಿದೆ. ನಿಜ ಹೇಳಬೇಕೆಂದರೆ ಹುಡುಕಿಯೇ ಇರಲಿಲ್ಲ.

ಅವಳು ಜಗಳವಾಡಲಿಲ್ಲ. "ರೇಟು ಇಳಿದ್ರ ನನಗ ವಾಪಸ್ ಕೊಡ್ತೀಯಲ್ಲ?" ಎಂದಷ್ಟೇ ಕೇಳಿದಳು. ಕೊಡುತ್ತೇನೆಂದೆ. ಅಂದಿನಿಂದ ದಿನಾ ಸಂಜೆ ನಾನು ಬಸ್ಸಿಳಿದು ಬಂದು ಮುಖದ ಕೆಂಪು ಧೂಳು ತೊಳೆಯುವುದರೊಳಗೆ ಬಚ್ಚಲ ಬಾಗಿಲಿಗೆ ಬಂದು ನಿಲ್ಲುವಳು. "ಇಳೀತೇನೋ?" ಮನೆಯಲ್ಲಿ ಉಳಿದವರೆಲ್ಲ ಏರಿತೇ ಎಂದು ಕೇಳುವಾಗ ಅವಳೊಬ್ಬಳದು ಈ ಪ್ರಶ್ನೆ. ಅಪಶಕುನ ನುಡಿಯಬೇಡ ಎಂದು ಒಮ್ಮೆ ರೇಗಿಯೂ ಬಿಟ್ಟೆ.

ಹರಾಜು ನೋಡುತ್ತಿದ್ದ ಆ ವಿದೇಶಿಯೇ, ನಾನು ಅಂಗಡಿಯಲ್ಲಿ ಕೊಚ್ಚಿಕೊಂಡದ್ದನ್ನು ಕೇಳಿ, ಒಂದು ದಿನ ಕ್ಯಾಸೆಟ್ ಕೊಳ್ಳಲು ಬಂದ. ಇನ್ನೂ ಏರಲಿ ಎಂದು ನಾನು ಕೊಡಲಿಲ್ಲ. ಈ ದರ ನಿಲ್ಲುವುದಿಲ್ಲ ಎಂದು ಆತ ತಾಳ್ಮೆಯಿಂದಲೇ ಹೇಳಿದ. ಚಿಕ್ಕಂದಿನಲ್ಲಿ ಆಡಿದವರ ಕೈಯಲ್ಲಿ ಈಗ ಸಂಬಳವಿದೆ, ಅದಕ್ಕೆ ಕೊಳ್ಳುತ್ತಾರೆ. ಅವರ ಆಸೆ ತೀರಿದ ಮೇಲೆ ಯಾರಿಗೆ ಬೇಕು ಎಂದ. ಅಗ್ಗಕ್ಕೆ ಹೊಡೆಯಲು ನೋಡುತ್ತಿದ್ದಾನೆಂದು ಮನಸ್ಸಿನಲ್ಲೇ ಬೈದುಕೊಂಡೆ.

ಒಂದು ವರ್ಷ ಕಳೆದಿರಬೇಕು. ಯಾವುದೋ ದೇಶದ ಹಳೇ ಗೋದಾಮಿನಲ್ಲಿ ಅದೇ ಕ್ಯಾಸೆಟ್ಟು ಪೆಟ್ಟಿಗೆಗಟ್ಟಲೆ ಸಿಕ್ಕಿತಂತೆ. ವಾರದೊಳಗೆ ದರ ನೆಲ ಕಚ್ಚಿತು. ಅಂದು ಸಂಜೆಯೂ ಅಜ್ಜಿ ಕೇಳಿದಳು. ಇಲ್ಲ ಎಂದೆ. ಮತ್ತೆ ಏರೀತೆಂಬ ದುರಾಸೆ. ಹೀಗೆ ಏಳು ತಿಂಗಳು ದಿನಾ ಆ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಆ ಕಣ್ಣುಗಳಿಗೆ ಪೊರೆ ಬರುತ್ತಿದ್ದದ್ದು ಮಾತ್ರ ನನಗೆ ಕಾಣಲಿಲ್ಲ.

ಕೊನೆಗೆ ಕೊಳ್ಳುವವರೇ ಇಲ್ಲವೆಂದಾದಾಗ ರೇಟು ಬಿದ್ದುಹೋಯಿತು ಎಂದು ತಂದು ಅವಳ ಕೈಗಿಟ್ಟೆ. ಊಟ ಅರ್ಧಕ್ಕೇ ಬಿಟ್ಟು ಟಿವಿಯ ಮುಂದೆ ಕುಳಿತಳು. ತುಂಡುಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು ಎರಡು ನಿಮಿಷಕ್ಕೆ ಪರದೆ ತುಂಬಿ ಆಟ ಮುಗಿಯಿತು. ಮತ್ತೆ ಹಚ್ಚಿದಳು, ಮತ್ತೆ ತುಂಬಿತು. ಬಣ್ಣ ಕಾಣುತ್ತದೆ, ಸಂದು ಕಾಣುವುದಿಲ್ಲ ಎಂದಳು. ಆಟದ ರಿಮೋಟು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ತಪ್ಪಾತಪ್ಪ. ಇಳೀಲಿ ಅಂತ ದಿನಾ ದೇವರಿಗೆ ಬೇಡ್ಕೊಂತಿದ್ದೆ. ನನ್ನಿಂದ ನಿನಗ ಭಾಳ ಲುಕ್ಸಾನಾತು."

ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹೋಗಲಿ ಬಿಡಜ್ಜಿ ಎಂದು, ದೊಡ್ಡ ಮನಸ್ಸು ಮಾಡಿ, ಅವಳನ್ನು ಕ್ಷಮಿಸಿದೆ.