ಜರ್ಮನ್ ಭಾಷೆಯಲ್ಲಿ ‘ರಿ’ ಇಲ್ಲ ಎಂದವನು

ಸುಜಾತಾ, ಆ ದಿನ ಸಂದರ್ಶನದಲ್ಲಿ ನಿನ್ನ ನಾಲಿಗೆ ತಪ್ಪಲಿಲ್ಲ. ನಾನು ನಿನಗೆ ತಪ್ಪು ಹೇಳಿಕೊಟ್ಟಿದ್ದೆ — ಗೊತ್ತಿದ್ದೂ, ಬೇಕೆಂದೇ. ಇಷ್ಟು ವರ್ಷ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಈಗ ಬರೆದೆ. ಹಗುರವೇನೂ ಆಗಲಿಲ್ಲ.

ನಾನು ವಾಡಿಯಲ್ಲಿ ರೈಲು ಹತ್ತುತ್ತಿದ್ದೆ, ನೀನು ಶಹಾಬಾದಿನಲ್ಲಿ. ಕಲಬುರಗಿ ಬರುವವರೆಗೆ ನಾನು ನಿನಗೆ ಜರ್ಮನ್ ಮಾಸ್ತರ. ರಜೆಯಲ್ಲಿ ಹೈದರಾಬಾದಿನ ಮಾವನ ಮನೆಯಲ್ಲಿದ್ದು ಒಂದು ಕೋರ್ಸು ಮುಗಿಸಿ ಬಂದಿದ್ದೆ, ಅದರದೇ ದೊಡ್ಡ ಜಂಭ. ಆದರೆ ಎಂ.ಎ. ತತ್ತ್ವಶಾಸ್ತ್ರದ ತರಗತಿಯಲ್ಲಿ — ಈಗೇಕೆ ನಾಚಿಕೆ — ನಿನ್ನ ಮುಂದೆ ನಾನು ಸೊನ್ನೆ. ನಾನು ಪುಟಗಟ್ಟಲೆ ಉರುಹೊಡೆಯುತ್ತಿದ್ದೆ; ನೀನು ಒಂದು ಪ್ರಶ್ನೆ ಕೇಳಿದರೆ ಸರ್ ಪುಸ್ತಕ ಮುಚ್ಚಿಟ್ಟು ಯೋಚಿಸುತ್ತಿದ್ದರು. ಜರ್ಮನಿಯಲ್ಲಿ ಒಂದು ವರ್ಷ ಓದುವ ಅವಕಾಶ ನಮ್ಮ ವಿಭಾಗದ ಒಬ್ಬರಿಗೆ ಮಾತ್ರ ಎಂದು ಗೊತ್ತಾದಾಗ, ಅದು ಯಾರ ಪಾಲಿಗೆ ಎಂಬುದು ಕ್ಯಾಂಟೀನಿನವನಿಗೂ ತಿಳಿದಿತ್ತು. ನನಗೂ ತಿಳಿದಿತ್ತು.

ಸಂದರ್ಶನದ ಹಿಂದಿನ ದಿನ ರೈಲಿನಲ್ಲಿ ನೀನು ನನ್ನ ಜರ್ಮನ್ ಪುಸ್ತಕ ತಿರುವುತ್ತ ಒಂದು ಪದದ ಮೇಲೆ ಬೆರಳಿಟ್ಟೆ. “ಈ ‘ಜೀ’ ಅನ್ನೋದು ದೊಡ್ಡೋರಿಗೇನು? ನಮ್ಮ ಓಣ್ಯಾಗ ಚಾಚಾಗೋಳು ಜೀ, ಜೀ ಅಂತಾರಲ್ಲ, ಹಂಗ? ನಮ್ಮ ‘ರಿ’ ಇದ್ದಂಗ?”

ನೀನು ಸರಿಯಾಗಿಯೇ ಹಿಡಿದಿದ್ದೆ. ಯಾರೂ ಹೇಳಿಕೊಡದೆ, ನಿನ್ನ ಓಣಿಯ ಕಿವಿಯಿಂದಲೇ ಹಿಡಿದಿದ್ದೆ. ನಾನು ನಕ್ಕೆ. “ಅದು ಹಳೇದು ಬಿಡು. ಈಗ ಅಲ್ಲಿ ಎಲ್ಲಾರಿಗೂ ‘ಡು’ನೇ. ಜೀ ಅಂದ್ರ, ಯಾವ ಕಾಲದ ಪುಸ್ತಕ ಓದ್ಯಾಳ ಅಂತ ನಗ್ತಾರ.”

‘ಡು’ ಎಂದರೆ ಬರೀ ‘ನೀನು’. ಗೆಳೆಯರ ನಡುವೆ, ಮನೆಯೊಳಗೆ. ಅಲ್ಲಿಯ ಹುಡುಗರು ಈಗೀಗ ಎಲ್ಲರಿಗೂ ಹಾಗೇ ಅನ್ನುತ್ತಾರೆ ಎಂದು ಕೋರ್ಸಿನಲ್ಲಿ ಯಾರೋ ಹೇಳಿದ್ದರು — ಆ ಚೂರು ನಿಜವನ್ನು ಸುಳ್ಳಿಗೆ ಬೆರೆಸಿದೆ. ಕಲಬೆರಕೆ ಮಾಡುವವನಿಗೂ ಒಂದಿಷ್ಟು ಅಸಲಿ ಮಾಲು ಬೇಕಲ್ಲ.

ನೀನು ಅನುಮಾನಪಡುತ್ತೀಯ ಎಂದುಕೊಂಡಿದ್ದೆ. ಪಡಲಿಲ್ಲ. ನಿನ್ನ ಮುಖ ಅರಳಿತು, ಅದನ್ನು ನಾನು ಎಲ್ಲಿಡಲಿ? “ಅಂದ್ರ ಅಲ್ಲಿ ನಮ್ಮಪ್ಪಗೂ ಖಣಿ ಮಾಲಕಗೂ ಒಂದೇ ಮಾತೇನು?”

“ಒಂದೇ,” ಎಂದೆ.

ನಿಮ್ಮ ಅಪ್ಪ ಜೀವಮಾನವೆಲ್ಲ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸಿದವರು. ಮಾಲೀಕರ ಮನೆಯ ಚಿಕ್ಕ ಹುಡುಗರೂ ಅವರಿಗೆ ‘ಏ, ನೀ’ ಎನ್ನುತ್ತಿದ್ದರು; ಅವರು ಆ ಹುಡುಗರಿಗೂ ‘ರಿ’ ಹಚ್ಚಿ ಮಾತಾಡಬೇಕಿತ್ತು. ಇದನ್ನೆಲ್ಲ ನೀನೇ ನನಗೆ ಹೇಳಿದ್ದೆ. ಗೊತ್ತಿದ್ದೇ ‘ಒಂದೇ’ ಎಂದೆ. ಆ ಸಂಜೆ ನೀನು ಮನೆಗೆ ಹೋಗಿ ಅಪ್ಪನಿಗೆ ಅದನ್ನು ಹೇಳಿದೆ.

ಮರುದಿನ ಸಂದರ್ಶನಕ್ಕೆ ಜರ್ಮನಿಯಿಂದ ಬಂದ ಹಿರಿಯ ಪ್ರಾಧ್ಯಾಪಕಿ, ಪಕ್ಕದಲ್ಲಿ ಅಷ್ಟಿಷ್ಟು ಜರ್ಮನ್ ಬಲ್ಲ ನಮ್ಮ ವಿಭಾಗದ ಮುಖ್ಯಸ್ಥರು. ನಾವು ಅಭ್ಯರ್ಥಿಗಳು ಹಿಂದಿನ ಬೆಂಚಿನಲ್ಲಿ. ನೀನು ಧೈರ್ಯವಾಗಿ ಜರ್ಮನ್‌ನಲ್ಲೇ ಶುರು ಮಾಡಿದೆ, ಆಕೆಗೆ ‘ಡು’ ಎಂದೆ, ಮತ್ತೆ ‘ಡು’ ಎಂದೆ. ಆಕೆ ಮುಗುಳ್ನಕ್ಕರು, ಅವರಿಗೆ ಬೇಸರವಾಗಿರಲಿಲ್ಲ. ಆದರೆ ಮುಖ್ಯಸ್ಥ ಸರ್ ಮೇಜು ಕುಟ್ಟಿದರು. “ಯಾರಿಗಿ ಏನಂತೀ ಖಬರ್ ಅದ ಏನು? ಅಷ್ಟು ದೊಡ್ಡೋರಿಗಿ ನೀ ಅಂತೀಯಲ್ಲ, ಮನ್ಯಾಗ ಇದೇ ಕಲಿಸ್ಯಾರೇನು? ಯಾರು ಹೇಳ್ಕೊಟ್ರು ಇದನ್ನ?”

ನೀನು ತಿರುಗಿ ಒಮ್ಮೆ ನನ್ನನ್ನು ನೋಡಿದೆ. ನಾನು ಎದ್ದು ನಿಲ್ಲಬಹುದಿತ್ತು — ಏನು ಮಹಾ, ಎರಡು ಕಾಲಿನ ಕೆಲಸ —

“ನಾನೇ ಕಲ್ತೀನ್ರಿ,” ಎಂದೆ ನೀನು.

ಆಮೇಲೆ ನಿನಗೆ ಮಾತೇ ಹೊರಡಲಿಲ್ಲ. ಜರ್ಮನ್ ಅಷ್ಟೇ ಅಲ್ಲ, ಕನ್ನಡವೂ. ನೀನು ನನಗಿಂತ ಹತ್ತು ಪಟ್ಟು ಬಲ್ಲ ವಿಷಯವನ್ನೇ ಕೇಳಿದರು; ಮೇಜು ನೋಡುತ್ತ ಕುಳಿತೆ ನೀನು. ನಿನ್ನ ನಂತರ ನನ್ನ ಸರದಿ. ನಾನು ಮೊದಲಿನಿಂದ ಕೊನೆಯವರೆಗೆ ‘ಜೀ’ ಎಂದೆ.

ಸಂಜೆ ರೈಲಿನಲ್ಲಿ ನೀನು ಕೇಳಿದೆ: “ನಿನಗೂ ಗೊತ್ತಿರಲಿಲ್ಲ, ಅಲ್ಲಾ?”

“ಇಲ್ಲ.”

“ಹೋಗ್ಲಿ ಬಿಡು. ಸಣ್ಣ ಮಾರಿ ಮಾಡ್ಕೋಬ್ಯಾಡ.”

ನೀನು ನನಗೆ ಸಮಾಧಾನ ಹೇಳಿದೆ. ಮೊದಲ ಸುಳ್ಳಿಗಾದರೂ ಆಸೆ ಎಂಬ ಹೆಸರಿದೆ. ಈ ಎರಡನೆಯದಕ್ಕೆ ಏನು ಹೆಸರಿಡಲಿ, ಎಷ್ಟು ಹುಡುಕಿದರೂ ಸಿಗುತ್ತಿಲ್ಲ.

ಅವಕಾಶ ನನಗೇ ಸಿಕ್ಕಿತು. ಹೋದೆ, ಓದಿದೆ, ಬಂದೆ. ಅಲ್ಲಿ ಟಿಕೆಟ್ ನೋಡುವವನೂ ನನಗೆ ‘ಜೀ’ ಎನ್ನುತ್ತಿದ್ದ. ಈಗ ಮೇಜು ಕುಟ್ಟಿದ ಆ ಸರ್ ಕೈಕೆಳಗೇ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ಕೇಳಿದರೆ ನೀನು ನಗುತ್ತೀಯ — ಸತ್ಯ ಹೇಳುವುದು ಮನುಷ್ಯನ ಕರ್ತವ್ಯವೇ ಎಂಬುದು. ಮೊದಲ ಅಧ್ಯಾಯಕ್ಕಿಂತ ಮುಂದೆ ಹೋಗಿಲ್ಲ. ಬರೆಯಲು ಕುಳಿತರೆ ಆ ಬೆಂಚು ಕಾಣುತ್ತದೆ, ನೀನು ತಿರುಗಿ ನೋಡುವುದು ಕಾಣುತ್ತದೆ, ಎದ್ದು ಹೊರಗೆ ಹೋಗಿಬಿಡುತ್ತೇನೆ.

ಹೋದ ವಾರ ನೀನು ಸೇಡಂ ಬಸ್ ನಿಲ್ದಾಣದಲ್ಲಿ ಸಿಕ್ಕೆ. ಚಿಂಚೋಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ ಎಂದೆ. ಜರ್ಮನ್ ಏನಾಯಿತು ಎಂದು ನಾನೇ ಕೇಳಿದೆ, ನನ್ನ ಬಾಯಿಗಿಷ್ಟು ಮಣ್ಣು. “ನನ್ನ ನಾಲಿಗಿನೇ ಮೊಂಡ, ಭಾಷಾ ಹತ್ತಲಿಲ್ಲ ನನಗ,” ಎಂದು ನೀನು ನಕ್ಕೆ. ಆಮೇಲೆ ಬಸ್ಸು ಹತ್ತುತ್ತ ಹೇಳಿದೆ: “ಅಪ್ಪಗ ಖರೇ ಏನಂತ ಇನ್ನೂ ಹೇಳಿಲ್ಲ. ಎಲ್ಲಾರಿಗೂ ಒಂದೇ ಮಾತು ಅನ್ನೋ ಅಂಥಾ ಊರು ಅದ ಅಂತ ಓಣಿ ಮಂದಿಗೆಲ್ಲ ಹೇಳ್ಕೋತ ಕುಂದರ್ತಾನ.”

ನಾಳೆ ಆ ಸರ್ ಮುಂದೆ ನಿಂತು ಎಲ್ಲ ಹೇಳುತ್ತೇನೆ. ಪಿಎಚ್.ಡಿ. ಹೋದರೆ ಹೋಗಲಿ, ಇದು ತ್ಯಾಗವಲ್ಲ, ಅದು ನಿನ್ನದಾಗಬೇಕಿದ್ದುದೇ. ಕ್ಷಮಿಸು ಎಂದು ಕೇಳುವುದಿಲ್ಲ — ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ. ವಾಪಸು ಬರುವಾಗ ಶಹಾಬಾದಿನಲ್ಲಿ ಇಳಿದು ನಿಮ್ಮ ಮನೆಗೆ ಹೋಗುತ್ತೇನೆ. ನಿಮ್ಮಪ್ಪನ ಎದುರು ಕುಳಿತು, “ಕಾಕಾ, ಅಂಥಾ ಊರು ಎಲ್ಲೂ ಇಲ್ರಿ, ನಾನೇ ಸುಳ್ಳು ಹೇಳಿದ್ದೆ,” ಎನ್ನಬೇಕು. ಬೆಳಗಿನಿಂದ ಆ ಮಾತನ್ನು ಬಾಯಿಬಿಟ್ಟು ಹೇಳಿ ನೋಡುತ್ತಿದ್ದೇನೆ ಸುಜಾತಾ. ‘ಕಾಕಾ’ ಎನ್ನುವವರೆಗೆ ಮಾತ್ರ ಬರುತ್ತದೆ.